ಬಿಸಿಲಿನ ಹಾಲು

ಸಿಂಧನೂರು
೬ ಏಪ್ರಿಲ್ ೨೦೨೫, ರವಿವಾರ

ಪ್ರೀತಿಯ ಗುಲ್ಷನ್,

ರಂಜಾನ್ ಹಬ್ಬಕ್ಕೆ ನೀನು ಕಳಿಸಿದ ಸುರಕುಂಬಾ ಪಾಯಸ ಮುಟ್ಟಿತು. ಲಿಂಗಸುಗೂರಿನ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ತಮ್ಮ ಮುಕ್ತಿಯಾರ್ ಡಬ್ಬಿಯನ್ನು ನನ್ನ ಕೈಗೆ ಕೊಟ್ಟ. ಡ್ರೈವರ್ ಜಿಲಾನಿಸಾಬರು ಅದನ್ನು ತಮ್ಮ ಸೀಟಿನ ಪಕ್ಕದಲ್ಲೇ ಇಟ್ಟುಕೊಂಡು ಸಿಂಧನೂರಿನವರೆಗೂ ಒಂದು ಕಣ್ಣು ರಸ್ತೆಯ ಮೇಲೆ, ಒಂದು ಕಣ್ಣು ಡಬ್ಬಿಯ ಮೇಲೆ ಇಟ್ಟು ಬಂದರು. ದಿನಕ್ಕೆ ಎರಡು ಸಲ ನಿನ್ನ ಊರಿಗೆ ಬರುತ್ತೇನೆ, ನಿನ್ನ ಮನೆಗೆ ಬರುವುದಾಗುತ್ತಿಲ್ಲ. ಬಸ್ಸು ತಿರುಗಿಸಿ ನಿಲ್ಲಿಸುವುದರೊಳಗೆ ಹೊರಡುವ ಹೊತ್ತಾಗಿರುತ್ತದೆ. ನೀನೂ ಕಂಡಕ್ಟರೇ, ನಿನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೀನು ಫೋನಿನಲ್ಲಿ ಕೇಳಿದ್ದಕ್ಕೆ ಫೋನಿನಲ್ಲೇ ಉತ್ತರ ಕೊಡಬಹುದಿತ್ತು. ಆದರೆ ನಿನ್ನ ಫೋನು ಮುಕ್ತಿಯಾರ್ ಕೈಯಲ್ಲಿ ಇರುವುದೇ ಹೆಚ್ಚು. ಹಿಂದೊಮ್ಮೆ ನಾನು ವಾಯ್ಸ್ ಮೆಸೇಜಿನಲ್ಲಿ ಹೇಳಿ ಕಳಿಸಿದ್ದು ನಿಮ್ಮ ಅಡುಗೆಮನೆಯಲ್ಲಿ ಎಲ್ಲರಿಗೂ ಕೇಳುವಂತೆ ಮೊಳಗಿತ್ತು ಎಂದು ನೀನೇ ಹೇಳಿದ್ದೆ. ಈ ವಿಷಯ ಹಾಗೆ ಮೊಳಗುವುದು ಬೇಡ. ತೊಳೆದ ಡಬ್ಬಿಯೊಳಗೆ ಈ ಕಾಗದ ಇಟ್ಟು ನಾಳೆ ಅವನ ಕೈಗೇ ಕೊಡುತ್ತೇನೆ. ಇಷ್ಟುದ್ದದ ಕಾಗದ ಓದುವ ತಾಳ್ಮೆ ಅವನಿಗಿಲ್ಲ ಎಂಬ ಧೈರ್ಯ.

ನೀನು ಕೇಳಿದ್ದು ಎರಡೇ ಸಾಲು. ರಜೆ ಮುಗಿದರೆ ಮತ್ತೆ ಇದೇ ರೂಟಿಗೆ ಬರಬೇಕು, ಮಗುವಿಗೆ ಎದೆಹಾಲು ತಪ್ಪಿಸಬಾರದು, ಮೈಮೇಲೆ ತೊಟ್ಟುಕೊಳ್ಳುವ ಹಾಲು ತೆಗೆಯುವ ಯಂತ್ರಗಳಲ್ಲಿ ಯಾವುದು ಕೊಳ್ಳಲಿ ಎಂದು. ಉತ್ತರವೂ ಎರಡು ಸಾಲಿನಲ್ಲಿ ಮುಗಿಯುತ್ತದೆ. ಮೋಟಾರೂ ಬಟ್ಟಲೂ ಒಂದೇ ತುಂಡಾಗಿರುವುದನ್ನು ತಗೋ. ಎರಡು ಬೇಡ, ಒಂದು ಸಾಕು. ಇಷ್ಟಕ್ಕೇ ನಿಲ್ಲಿಸಿದರೆ ಮಾತ್ರ ನಿನಗೆ ಅರ್ಧ ಹೇಳಿದಂತಾಗುತ್ತದೆ. ನನಗೆ ಆ ಅರ್ಧವನ್ನಷ್ಟೇ ಹೇಳಿದ್ದರು.

ಫೆಬ್ರುವರಿಯಲ್ಲಿ ನಾನು ಮತ್ತೆ ಟಿಕೆಟ್ ಮಷಿನ್ ಕೊರಳಿಗೆ ಹಾಕಿಕೊಂಡಾಗ ಮಗಳು ಮೈತ್ರಿಗೆ ಐದೂವರೆ ತಿಂಗಳು. ಬೆಳಗಿನ ಮೊದಲ ಬಸ್ಸಿಗೆ ಹೋಗಿ, ಲಿಂಗಸುಗೂರಿಗೆ ಎರಡು ಸಲ ಹೋಗಿ ಬಂದು ಮನೆ ಸೇರುವಾಗ ಇಳಿಮಧ್ಯಾಹ್ನ. ಮೊದಲ ದಿನ ಮಸ್ಕಿ ಮುಟ್ಟುವ ಮುಂಚೆಯೇ ಎದೆ ಕಲ್ಲಿನಂತಾಯಿತು. ಹಿಂದಿನ ಸೀಟಿನಲ್ಲಿ ಯಾರದೋ ಕೂಸು ಅತ್ತಿತು. ಅದರ ತಾಯಿ ಸೆರಗು ಸರಿಸುವ ಮೊದಲೇ ನನ್ನ ಖಾಕಿ ಜಾಕೀಟು ತೊಯ್ದಿತ್ತು. ಟಿಕೆಟ್ ಮಷಿನ್ನನ್ನು ಎದೆಗೆ ಅಡ್ಡ ಹಿಡಿದು ಆ ದಿನ ಕಳೆದೆ.

ಮೆಡಿಕಲ್ ಅಂಗಡಿಯವನು ಮೊದಲು ಕೊಟ್ಟದ್ದು ಕೈಯಿಂದ ಒತ್ತುವ ಪಂಪು. ಮನೆಯಲ್ಲಿ ಇರುವವರಿಗೆ ಅದು ಚೆನ್ನ. ಕಂಡಕ್ಟರಿಗೆ ಖಾಲಿ ಕೈ ಎಲ್ಲಿದೆ? ಒಂದು ಕೈ ಕಂಬಿಗೆ, ಒಂದು ಮಷಿನ್ನಿಗೆ. ಆಮೇಲೆ ತೋರಿಸಿದ್ದು ಕರೆಂಟಿಗೆ ಚುಚ್ಚುವುದು, ಎರಡು ಬಾಟಲಿ, ಎರಡು ನಳಿಗೆ. ಅದು ಜೋರಾಗಿ ಎಳೆಯುತ್ತದೆ, ಬೇಗ ಮುಗಿಸುತ್ತದೆ, ನಿಜ. ಆದರೆ ಅದಕ್ಕೆ ಗೋಡೆ ಬೇಕು, ಕುರ್ಚಿ ಬೇಕು, ಹಾಕಿಕೊಳ್ಳಲು ಬಾಗಿಲು ಬೇಕು. ಮೂರೂ ಒಟ್ಟಿಗೆ ಸಿಗುವ ಕೆಲಸ ನಮ್ಮದಲ್ಲ.

ತೊಟ್ಟುಕೊಳ್ಳುವ ಯಂತ್ರವನ್ನು ಹುಡುಕಿದವರು ನಮ್ಮ ಮನೆಯವರು. ಭೀಮೇಶ ಅವರ ಸ್ವಭಾವ ನಿನಗೆ ಗೊತ್ತು. ಗೊರೇಬಾಳದ ಪಂಚಾಯಿತಿಯಲ್ಲಿ ದಿನವಿಡೀ ಕಂಪ್ಯೂಟರ್ ನೋಡಿ ಬಂದು ಮನೆಯಲ್ಲಿ ಫೋನು ನೋಡುತ್ತಾರೆ. ಕೊಂಡವರು ಬರೆದ ಅಭಿಪ್ರಾಯಗಳನ್ನೆಲ್ಲ ಓದಿ ನನ್ನ ಕಡೆ ತಿರುಗಿದರು.

“ಸಾವಿರಗಟ್ಲೆ ಮಂದಿ ಬರದಾರ ನೋಡು. ಆಫೀಸಿನ್ಯಾಗ ಹಾಕ್ಕೊಂಡಾಕಿ ಅದಾಳ, ಕಾರಿನ್ಯಾಗ ಹಾಕ್ಕೊಂಡಾಕಿ ಅದಾಳ. ಬಸ್ಸಿನ್ಯಾಗ ನಿಂತು ಟಿಕೆಟ್ ಹರಿಯಾಕಿ ಮಾತ್ರ ಒಬ್ಬಾಕೀನೂ ಇಲ್ಲ.”

“ಹಂಗಾರ ನಾನೇ ಬರೀತೀನಿ ಬಿಡ್ರಿ,” ಎಂದೆ.

ಬರೆಯಲಿಲ್ಲ. ಈಗ ನಿನಗೆ ಬರೆಯುತ್ತಿದ್ದೇನೆ, ಅಷ್ಟೆ.

ತೊಟ್ಟುಕೊಳ್ಳುವುದರಲ್ಲೂ ಎರಡು ಬಗೆ. ಒಂದರಲ್ಲಿ ಬಟ್ಟಲು ಮಾತ್ರ ಒಳಉಡುಪಿನೊಳಗೆ ಕೂರುತ್ತದೆ, ಮೋಟಾರು ಸೊಂಟಕ್ಕೆ ತೂಗುತ್ತದೆ, ನಡುವೆ ತೆಳ್ಳನೆಯ ನಳಿಗೆ. ಎದೆ ಉಬ್ಬಿ ಕಾಣುವುದಿಲ್ಲ. ಆದರೆ ಸಂತೆಯ ದಿನ ನಮ್ಮ ಬಸ್ಸಿನಲ್ಲಿ ಆ ನಳಿಗೆ ಯಾರ ಚೀಲಕ್ಕೆ, ಯಾರ ಬಳೆಗೆ ಸಿಕ್ಕಿಕೊಳ್ಳುತ್ತದೆ ಎಂದು ಹೇಳಲಾಗದು. ಇನ್ನೊಂದರಲ್ಲಿ ಮೋಟಾರೂ ಬಟ್ಟಲಿಗೇ ಅಂಟಿರುತ್ತದೆ. ತೂಕ ಹೆಚ್ಚು, ಉಬ್ಬೂ ಹೆಚ್ಚು. ನಾನು ಇದನ್ನೇ ಆರಿಸಿದೆ. ಒಂದೇ ಕೊಂಡೆ. ಹೋಗುವಾಗ ಒಂದು ಎದೆಗೆ, ಬರುವಾಗ ಇನ್ನೊಂದಕ್ಕೆ. ಎರಡನ್ನೂ ಒಟ್ಟಿಗೆ ಹಾಕಿಕೊಂಡರೆ ಜಾಕೀಟಿನ ಗುಂಡಿ ಕೂಡುವುದಿಲ್ಲ.

ಈಗ ಹೇಳುವುದನ್ನು ಗಮನವಿಟ್ಟು ಓದು. ತೊಟ್ಟಿನ ಮೇಲೆ ಕೂರುವ ಆಲಿಕೆ ಪೆಟ್ಟಿಗೆಯೊಳಗೆ ಒಂದೇ ಅಳತೆಯದು ಬರುತ್ತದೆ. ನನಗೆ ಅದು ದೊಡ್ಡದಾಗಿತ್ತು. ಗೊತ್ತಾಗಲಿಲ್ಲ. ನೋವು ಯಂತ್ರದ ಗುಣ ಅಂದುಕೊಂಡು ಸಹಿಸಿದೆ, ರಕ್ತ ಕಾಣುವವರೆಗೆ. ನೋವು ಯಂತ್ರದ ಗುಣವಲ್ಲ. ಅಳತೆ ತಪ್ಪಿದೆ ಎಂದು ಅರ್ಥ. ಕೊಳ್ಳುವ ಮುಂಚೆ ಅಳೆದುಕೋ, ಒಳಗೆ ಕೂರಿಸುವ ಸಣ್ಣ ಸಿಲಿಕಾನ್ ಬಳೆಗಳು ಜೊತೆಗೆ ಬರುತ್ತವೆಯೇ ಎಂದು ನೋಡು. ತೊಳೆಯುವ ಭಾಗಗಳು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಮೋಟಾರಿಗೆ ನೀರು ತಾಗಿಸಬೇಡ. ಹಾಲು ಮೋಟಾರಿನೊಳಕ್ಕೆ ಹೋಗದಂತೆ ತಡೆ ಇರುವುದನ್ನೇ ತಗೋ. ಇನ್ನು, ನನ್ನದನ್ನು ಎರವಲು ಕೇಳಬೇಡ. ಕೇಳಿದರೂ ಕೊಡುವುದಿಲ್ಲ. ಅದು ಹಲ್ಲುಜ್ಜುವ ಬ್ರಷ್ಷಿನ ಹಾಗೆ, ಒಬ್ಬರದು ಒಬ್ಬರಿಗೇ.

ಹಾಕಿಕೊಂಡ ಮೇಲೆ ಬಗ್ಗಬಾರದು. ಜಾಹೀರಾತಿನ ಹೆಂಗಸು ಬಗ್ಗಿ ಬಟ್ಟೆ ಎತ್ತುತ್ತಾಳೆ, ಚೆಲ್ಲುವುದಿಲ್ಲ. ನಾನು ಕಾಲುವೆ ದಾಟುವಲ್ಲಿ ಒಬ್ಬ ಅಜ್ಜಿಯ ಆಧಾರ್ ಕಾರ್ಡು ಬಿದ್ದದ್ದನ್ನು ಎತ್ತಲು ಬಗ್ಗಿದೆ. ಬಟ್ಟಲಿನಲ್ಲಿ ಕೂಡಿದ್ದೆಲ್ಲ ಹೊಟ್ಟೆಯ ಮೇಲೆ ಇಳಿಯಿತು. ತೆಗ್ಗಿಗೆ ಚಕ್ರ ಬಿದ್ದರೆ ಹಿಡಿತ ಸಡಿಲಾಗಿ ಯಂತ್ರ ಗಾಳಿ ಎಳೆಯುತ್ತದೆ. ಇದಕ್ಕಾಗಿ ಜಿಲಾನಿಸಾಬರಿಗೆ ಒಂದೇ ಮಾತು ಹೇಳಿದೆ: ತೆಗ್ಗು ಬರುವ ಮುಂಚೆ ಒಂದು ಕೂಗು ಹಾಕಿ ಎಂದು. ಯಾಕೆ ಎಂದು ಅವರು ಕೇಳಲಿಲ್ಲ. ಅವತ್ತಿನಿಂದ “ಹುಷಾರ್‌ರೀ!” ಎಂದು ಕೂಗುತ್ತಾರೆ, ನಾನು ಮೊಣಕೈಯಿಂದ ಎದೆ ಒತ್ತಿ ಹಿಡಿಯುತ್ತೇನೆ. ಇಡೀ ಬಸ್ಸು ಕಂಬಿ ಹಿಡಿಯುತ್ತದೆ. ಈ ಡ್ರೈವರಿಗೆ ಮಂದಿಯ ಮೇಲೆ ಎಷ್ಟು ಕಾಳಜಿ ಎಂದು ಒಬ್ಬ ಮುದುಕ ಹೊಗಳಿಯೂ ಬಿಟ್ಟ.

ಲಿಂಗಸುಗೂರಿನಲ್ಲಿ ಎಲ್ಲರೂ ಇಳಿದ ಮೇಲೆ ಸಾಬರು ಚಹಾಕ್ಕೆ ಹೋಗುತ್ತಾರೆ. ಆಗ ಕಿಟಕಿಗಳನ್ನು ಎಳೆದು, ಹಿಂದಿನ ಸೀಟಿನಲ್ಲಿ ಕುಳಿತು, ಹಾಲನ್ನು ಬಾಟಲಿಗೆ ಬಗ್ಗಿಸಿ ಬರ್ಫದ ಡಬ್ಬಿಯಲ್ಲಿ ಇಡುತ್ತೇನೆ. ಬರ್ಫವನ್ನು ಬೆಳಿಗ್ಗೆ ಮನೆಯಿಂದಲೇ ಒಯ್ಯುತ್ತೇನೆ. ನಮ್ಮ ಬಿಸಿಲಿಗೆ ಬರ್ಫವಿಲ್ಲದೆ ಇಡುವ ಧೈರ್ಯ ಮಾಡಬೇಡ.

ಸದ್ದಿನ ವಿಷಯ. ಸದ್ದೇ ಇಲ್ಲ ಎಂದು ಬರೆದಿರುತ್ತಾರೆ. ಎಂಜಿನ್ ಓಡುವಾಗ ಕೇಳುವುದಿಲ್ಲ, ನಿಂತಾಗ ಕೇಳುತ್ತದೆ. ಮಸ್ಕಿಯಲ್ಲಿ ಬಸ್ಸು ನಿಂತಾಗ ಮುಂದಿನ ಸೀಟಿನ ಒಬ್ಬ ಮುದುಕಿ ನನ್ನ ತೋಳು ಹಿಡಿದಳು.

“ಯವ್ವಾ, ನಿನ್ನ ಎದಿಯಾಗ ಫೋನು ಬಡಕೊಳ್ಳಾಕತ್ತೈತಿ. ಎತ್ತಬಾರದೇನು? ಯಾರು ಏನು ಕಷ್ಟದಾಗ ಅದಾರೋ.”

ನಾನು ನಡು ಬಗ್ಗಿಸದೆ ಮೊಣಕಾಲು ಮಡಿಸಿ ಅವಳ ಕಿವಿಯ ಹತ್ತಿರ ಬಾಯಿ ಇಟ್ಟು, ಫೋನಲ್ಲ, ಕೂಸಿಗೆ ಹಾಲು ಎಂದೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

“ಬಸ್ಸಿನ್ಯಾಗ? ನಿಂತಲ್ಲೇ? ಎಮ್ಮೀನಾದ್ರೂ ಮುಂದ ಮ್ಯಾವು ಹಾಕಿ ಕರೀತಾರಲ್ಲಬೇ. ನಿನ್ನ ಮುಂದ ಏನು ಹಾಕ್ಯಾರ?”

ಬೆಳಿಗ್ಗೆ ನಾನು ಒಂದು ರೊಟ್ಟಿಯನ್ನು ಸುತ್ತಿಕೊಂಡು ಬಂದಿದ್ದೆ, ಅದು ಚೀಲದಲ್ಲೇ ಇತ್ತು.

ಅದೇ ಗಳಿಗೆಗೆ ಚೆಕಿಂಗ್‌ನವರು ಹತ್ತಿದರು. ಇದು ನಿನಗೂ ಆಗುತ್ತದೆ, ಆದ್ದರಿಂದ ಹೇಳುತ್ತಿದ್ದೇನೆ. ವಯಸ್ಸಾದ, ಸಭ್ಯ ಮನುಷ್ಯ. ಮಂದಿಯನ್ನು ಎಣಿಸಿದರು, ಮಷಿನ್ ನೋಡಿದರು, ಚೀಲ ನೋಡಿದರು. ಎಲ್ಲ ಸರಿ ಇತ್ತು. ಆಮೇಲೆ ಅವರ ಕಣ್ಣು ನನ್ನ ಜಾಕೀಟಿನ ಎಡಭಾಗಕ್ಕೆ ಬಂದು ನಿಂತಿತು. ಒಂದು ಕಡೆ ಮಾತ್ರ ಉಬ್ಬಿತ್ತು. ಕಂಡಕ್ಟರ್ ಒಳಗೆ ಏನೋ ಬಚ್ಚಿಟ್ಟುಕೊಂಡಿದ್ದಾಳೆ ಎಂದು ಅವರು ತಿಳಿದದ್ದು ತಪ್ಪಲ್ಲ. ಅದು ಅವರ ಕೆಲಸ. ಅವರ ಜಾಗದಲ್ಲಿ ಇದ್ದರೆ ನಾನೂ ಹಾಗೇ ತಿಳಿಯುತ್ತಿದ್ದೆ.

“ಏನಮ್ಮ ಅದು, ಜಾಕೀಟಿನ ಒಳಗ?”

ಬಸ್ಸು ತುಂಬಿತ್ತು. ಕಳ್ಳಿ ಅನ್ನಿಸಿಕೊಳ್ಳುವುದೋ ಹಾಲಿನ ಮಾತು ಎಲ್ಲರ ಮುಂದೆ ಆಡುವುದೋ, ಎರಡರಲ್ಲಿ ಯಾವುದು ಕಡಿಮೆ ಎಂದು ನಾನು ಇನ್ನೂ ತೂಗುತ್ತಿದ್ದೆ. ಮುದುಕಿ ತೂಗಲಿಲ್ಲ.

“ಹಾಲು ಕರಿಯೋ ಮಷೀನೋ ಯಪ್ಪಾ ಅದು! ಮನ್ಯಾಗ ಕೂಸು ಬಿಟ್ಟು ಬಂದಾಳ. ನಿನಗ ತೋರಿಸಬೇಕೇನು? ನಿಮ್ಮವ್ವ ನಿನಗ ಕುಡಿಸಿಲ್ಲೇನು?”

ಬಸ್ಸೆಲ್ಲ ನಕ್ಕಿತು. ಅವರ ಮುಖ ಕೆಂಪಾಯಿತು. ಸಹಿ ಹಾಕಿ, ಕೈ ಮುಗಿದು ಇಳಿದರು. ಬಾಗಿಲಲ್ಲಿ ಕಾಲಿಟ್ಟವರು ಮತ್ತೆ ತಿರುಗಿ ನನ್ನ ಹತ್ತಿರ ಬಂದು ಮೆಲ್ಲಗೆ, “ಯಾವ ಕಂಪನೀದಮ್ಮಾ? ನಮ್ಮ ಸೊಸಿಗೂ ಬೇಕಾಗೇತಿ,” ಎಂದರು.

ಈಗ ಇದನ್ನು ಬರೆಯುವಾಗ ನನಗೂ ನಗು ಬರುತ್ತಿದೆ. ಅವತ್ತು ಬರಲಿಲ್ಲ. ಅವತ್ತು ಯಂತ್ರ ಓಡಿದಷ್ಟೂ ಓಡಿತು, ಹಾಲು ಮಾತ್ರ ಇಳಿಯಲಿಲ್ಲ. ಹೆದರಿದ ಮೈ ಕೊಡುವುದಿಲ್ಲ, ಗುಲ್ಷನ್. ನಾಚಿದ ಮೈಯೂ ಕೊಡುವುದಿಲ್ಲ. ನೀನು ಡ್ಯೂಟಿಗೆ ಬಂದ ಮೊದಲ ದಿನವೇ ಡಿಪೋದಲ್ಲಿ ಮೇಲಿನವರಿಗೆ ಹೇಳಿಬಿಡು. ನಾನು ಹಾಗೆ ಮಾಡಬೇಕಿತ್ತು.

ಇಷ್ಟು ಯಂತ್ರದ ಮಾತು. ಇನ್ನುಳಿದ ಅರ್ಧವನ್ನು ಯಾವ ಪೆಟ್ಟಿಗೆಯ ಮೇಲೂ ಬರೆದಿರುವುದಿಲ್ಲ.

ನಮ್ಮ ಅತ್ತೆ ಪೀರಮ್ಮನನ್ನು ನೀನು ಒಮ್ಮೆ ನೋಡಿದ್ದೀಯ. ವಳಕಮದಿನ್ನಿಯಲ್ಲಿ ನಾಟಿ ಹಚ್ಚುತ್ತ ಮೂರು ಮಕ್ಕಳನ್ನು ಸಾಕಿದವರು. ಕೂಸನ್ನು ಗದ್ದೆಯ ಬದುವಿನ ಮೇಲೆ ಸೀರೆಯ ಜೋಳಿಗೆಯಲ್ಲಿ ಮಲಗಿಸಿ, ನಡು ಎತ್ತದೆ ಕೆಲಸ ಮಾಡಿ, ಅದು ಅತ್ತಾಗ ಬದುವಿಗೆ ಬರುತ್ತಿದ್ದರು. ಬಂದ ತಕ್ಷಣ ಮೊಲೆ ಕೊಡುತ್ತಿರಲಿಲ್ಲ. ಬಿಸಿಲಿನಲ್ಲಿ ದುಡಿದು ಬಂದ ತಾಯಿಯ ಹಾಲು ಕುದ್ದಿರುತ್ತದೆ, ಕೂಸಿಗೆ ಭೇದಿ ಹಿಡಿಯುತ್ತದೆ ಎಂದು ಅವರ ನಂಬಿಕೆ. ಬಿಸಿಲಿನ ಹಾಲು ಎನ್ನುತ್ತಾರೆ. ಮೊದಲಿನ ಹಾಲನ್ನು ನೆಲಕ್ಕೆ ಹಿಂಡಿ, ಕೈಕಾಲು ಮುಖ ತೊಳೆದು, ನೆರಳಿನಲ್ಲಿ ಮೈ ಆರುವವರೆಗೆ ಕುಳಿತು, ಆಮೇಲೆ ಕುಡಿಸುವುದು.

ನಾನು ಡ್ಯೂಟಿಯಿಂದ ಬಂದ ಮೊದಲ ದಿನವೇ ಅವರು ಬಾಗಿಲಲ್ಲಿ ತಡೆದರು.

“ಹಂಗೇ ಮುಟ್ಟಬ್ಯಾಡ. ಬಿಸಿಲಾಗ ಬೆಂದು ಬಂದೀದಿ. ಬಚ್ಚಲಕ ಹೋಗಿ ಹಿಂಡು, ಮೈ ತೊಳಕೊ, ಒಳಗ ಫ್ಯಾನಿನ ಕೆಳಗ ಬೀಳು. ತಣ್ಣಗಾದ ಮ್ಯಾಲ ಕರೀತೀನಿ.”

ಮೈತ್ರಿ ನನ್ನ ದನಿ ಕೇಳಿ ಅಳಲು ಹತ್ತಿದಳು. ಅವಳನ್ನು ಸಮಾಧಾನ ಮಾಡಬೇಕಲ್ಲ. ನಾನು ತಂದ ಬರ್ಫದ ಡಬ್ಬಿಯಿಂದ ಬಾಟಲಿ ತೆಗೆದು, ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟು, ಅತ್ತೆ ಕುಡಿಸಿದರು. ಆ ಹಾಲೂ ಅದೇ ಬಿಸಿಲಿನಲ್ಲಿ, ಅದೇ ಬಸ್ಸಿನಲ್ಲಿ, ಅದೇ ಮೈಯಿಂದ ಬಂದದ್ದು. ಆದರೆ ಬರ್ಫದಲ್ಲಿ ಕುಳಿತು ಬಂದಿತ್ತು. ಅತ್ತೆಯ ಲೆಕ್ಕದಲ್ಲಿ ಅದು ತಣ್ಣಗಿನ ಹಾಲು, ನಾನು ಬಿಸಿ ತಾಯಿ.

ಹೀಗೆ ದಿನವೂ ನಡೆಯಿತು. ನಾನು ಒಳಗೆ ಆರುತ್ತ ಮಲಗಿರುವುದು, ಮಗು ಹೊರಗೆ ನನ್ನದೇ ಹಾಲನ್ನು ಬಾಟಲಿಯಿಂದ ಕುಡಿಯುವುದು. ನನ್ನನ್ನು ಕರೆಯುವ ಹೊತ್ತಿಗೆ ಅದರ ಹೊಟ್ಟೆ ತುಂಬಿರುತ್ತಿತ್ತು. ಎದೆಗೆ ಹಾಕಿಕೊಂಡರೆ ಎರಡು ಗುಟುಕು, ಆಮೇಲೆ ಆಟ. ಮಾರ್ಚಿನಲ್ಲಿ ಆ ಎರಡು ಗುಟುಕೂ ಹೋಯಿತು. ಬಾಯಿ ಹತ್ತಿರ ತಂದರೆ ಬೆನ್ನು ಬಿಲ್ಲಿನ ಹಾಗೆ ಬಾಗಿಸಿ ಕಿರುಚುವಳು. ಅತ್ತೆಯ ಮಡಿಲು, ಬಾಟಲಿ ಕಂಡರೆ ಸುಮ್ಮನಾಗುವಳು. ಪರಕೀಯರನ್ನು ನೋಡಿದ ಹಾಗೆ ನನ್ನನ್ನು ನೋಡುತ್ತಿದ್ದಳು ಎಂದು ಬರೆದರೆ ಸುಳ್ಳಾಗುತ್ತದೆ. ನನ್ನನ್ನು ಕಂಡರೆ ನಗುತ್ತಿದ್ದಳು, ಕೈ ಚಾಚುತ್ತಿದ್ದಳು. ಎದೆ ಮಾತ್ರ ಬೇಡವಾಗಿತ್ತು.

ಅದೇ ಹೊತ್ತಿಗೆ ಯಂತ್ರದ ಬಟ್ಟಲಿನಲ್ಲಿ ಹಾಲಿನ ಗೆರೆ ಇಳಿಯತೊಡಗಿತು. ಆಸ್ಪತ್ರೆಯ ದುರ್ಗಾದೇವಿ ಸಿಸ್ಟರ್ ಹತ್ತಿರ ಹೋದೆ. ಅವರು ಬೈಯುವ ದನಿಯಲ್ಲೇ ಎಲ್ಲವನ್ನೂ ಹೇಳುವವರು.

“ಬಾಟಲಿ ಬಾಯಾಗ ಇಟ್ರ ತಾನೇ ಸುರೀತೈತಿ. ನಿನ್ನ ಹತ್ರ ಕೂಸು ದುಡದು ತಗೋಬೇಕು. ಯಾರಿಗೆ ಬೇಕು ದುಡಿಯೋದು? ಮಷೀನು ನೀ ಕೊಟ್ಟಷ್ಟು ಒಯ್ಯತೈತಿ, ಕೂಸಾದ್ರ ಇಲ್ಲದ್ದನ್ನೂ ಬೇಡಿ ತರಸತೈತಿ. ಕೂಸು ಪೂರಾ ಬಿಟ್ರ, ಬರೇ ಮಷೀನಿನ ಮ್ಯಾಲ ನಿನ್ನ ಹಾಲು ಬಾಳ ದಿನ ನಿಲ್ಲಂಗಿಲ್ಲ. ಮನ್ಯಾಗ ನೀ ಇದ್ದಾಗ ಬಾಟಲಿ ಮುಟ್ಟಿಸಬ್ಯಾಡ. ಕೊಡೋದಿದ್ರ ಒಳಲೀಲೆ ಸ್ವಲ್ಪ ಸ್ವಲ್ಪ ಬಾಯಿಗಿ ಹಾಕು.”

ಅಂದರೆ ನಾನು ಹಾಲು ನಿಲ್ಲಬಾರದೆಂದು ಕೊಂಡ ಯಂತ್ರ ಹಾಲು ನಿಲ್ಲುವ ದಾರಿಗೆ ನನ್ನನ್ನು ತಂದು ಬಿಟ್ಟಿತ್ತು. ಯಂತ್ರದ ತಪ್ಪಲ್ಲ. ಅದು ಬಸ್ಸಿನಲ್ಲಿ ಮಾಡಬೇಕಾದ್ದನ್ನು ಮಾಡಿತು. ಮನೆಯಲ್ಲಿ ಅದರ ಕೆಲಸ ಇರಲಿಲ್ಲ.

ಮೊನ್ನೆ ಗುರುವಾರ ನಾನು ಬಚ್ಚಲಿಗೆ ಹೋಗಲಿಲ್ಲ. ಅವತ್ತು ಭತ್ತದ ಲಾರಿಗಳು ರಸ್ತೆ ಹಿಡಿದು ಬಸ್ಸು ತಡವಾಗಿತ್ತು, ಮೈಮೇಲೆ ಹೊಟ್ಟು, ಧೂಳು, ಬೆವರು. ಖಾಕಿಯಲ್ಲೇ ಒಳಗೆ ಬಂದು ಅತ್ತೆಯ ಮಡಿಲಿನಿಂದ ಮೈತ್ರಿಯನ್ನು ಎತ್ತಿಕೊಂಡೆ. ಬಾಟಲಿ ಅವಳ ಬಾಯಲ್ಲಿತ್ತು, ಅದನ್ನು ತೆಗೆದೆ. ಅವಳು ಕಿರುಚಿದಳು. ಅತ್ತೆಯೂ ಕೂಗಿದರು.

“ಹುಚ್ಚು ಹಿಡದೈತೇನಬೇ ನಿನಗ? ಕೂಸಿಗಿ ಭೇದಿ ಹತ್ತಿದ್ರ ನೀ ಮುಂಜಾನೆದ್ದು ಡ್ಯೂಟಿಗಿ ಹೋಗಾಕಿ. ಬಳಿಯಾಕಿ ನಾನು!”

“ಬಾಟಲಿಯಾಗ ಇರೋದೂ ಬಿಸಿಲಿನ ಹಾಲೇ ಅತ್ತೀ,” ಎಂದೆ. “ಮಸ್ಕಿ ದಾಟಿದ ಮ್ಯಾಲ ತಗದೀನಿ, ನಡು ಮಧ್ಯಾಹ್ನದಾಗ. ಬರ್ಫದಾಗ ಇಟ್ರ ಬಿಸಿಲು ಹೋಗತೈತೇನ್ರಿ? ದಿನಾ ಅದನ್ನೇ ಕುಡಿಸೀರಿ. ಏನಾಗೈತಿ ಕೂಸಿಗಿ?”

ಅವರು ಕೈಯಲ್ಲಿದ್ದ ಬಾಟಲಿಯನ್ನು ನೋಡಿದರು. ಮುಚ್ಚಳ ತೆಗೆದು ಮೂಸಿ ನೋಡಿದರು. ಅವರ ಮುಖದಲ್ಲಿ ಮೊದಲು ಬಂದದ್ದು ಹೆದರಿಕೆ. ತಾವೇ ಮೊಮ್ಮಗಳಿಗೆ ಇಷ್ಟು ದಿನ ಏನು ಕುಡಿಸಿದೆವೋ ಎಂಬ ಹೆದರಿಕೆ. ಆಮೇಲೆ ಮಗುವಿನ ಕಾಲು, ಹೊಟ್ಟೆ, ಕೆನ್ನೆ ಮುಟ್ಟಿ ನೋಡಿದರು. ದಪ್ಪಗಿದ್ದಾಳೆ, ಒಂದು ದಿನವೂ ಹೊಟ್ಟೆ ಕೆಟ್ಟಿಲ್ಲ. ಬಾಟಲಿಯನ್ನು ಕೆಳಗಿಟ್ಟು ಒಂದೇ ಮಾತು ಕೇಳಿದರು.

“ಹಂಗಾದ್ರ ನಾ ಇಷ್ಟ ದಿನ ನಿನ್ನ ಯಾಕ ಒಳಗ ಮಲಗಿಸೀನಿ? ನೀ ಯಾಕ ಹೇಳಲಿಲ್ಲ?”

ನಾನು ಕೂಸನ್ನು ಹೆಗಲಿಗೆ ಹಾಕಿಕೊಂಡು ತಟ್ಟತೊಡಗಿದೆ. ಮೈತ್ರಿ ಅಳುತ್ತಿದ್ದಳು, ಅದೇ ನೆಪವಾಯಿತು.

ಗುರುವಾರ ಅವಳು ಎದೆ ಮುಟ್ಟಲಿಲ್ಲ. ಶುಕ್ರವಾರ, ಶನಿವಾರವೂ ಇಲ್ಲ. ಇವತ್ತು ನನಗೆ ವಾರದ ರಜೆ. ಬೆಳಿಗ್ಗೆಯಿಂದ ಯಂತ್ರ ಕಪಾಟಿನಲ್ಲಿದೆ, ಬಾಟಲಿಗಳನ್ನು ಅತ್ತೆಯೇ ಎಲ್ಲೋ ಎತ್ತಿಟ್ಟರು. ಅವರ ಮಾತು ಮೊನ್ನೆಯಿಂದ ಕಡಿಮೆಯಾಗಿದೆ. ಕೋಪವೋ ನೊಂದದ್ದೋ ತಿಳಿಯುತ್ತಿಲ್ಲ. ಆದರೆ ಅಟ್ಟದಿಂದ ಭೀಮೇಶ ಅವರು ಕೂಸಾಗಿದ್ದಾಗಿನ, ಮೂತಿಯಿರುವ ಹಿತ್ತಾಳೆಯ ಒಳಲೆ ತೆಗೆದು, ಹುಣಸೆಹಣ್ಣು ಹಚ್ಚಿ ಬೆಳಗಿ, ಕುದಿಸಿ ತಂದಿಟ್ಟರು. ಕೈಯಿಂದ ಹಿಂಡಿದ ಹಾಲು ಅದರಲ್ಲಿ ನಾಲ್ಕು ಗುಟುಕು ಹೋಯಿತು, ಉಳಿದದ್ದು ಕತ್ತಿನ ಮಡಿಕೆಗಳಲ್ಲಿ ಹೋಯಿತು. ಭೀಮೇಶ ಅವರು ಮೈತ್ರಿಯನ್ನು ಹೆಗಲ ಮೇಲೆ ಹಾಕಿಕೊಂಡು ಓಣಿಯಲ್ಲಿ ದಣಿಯುವವರೆಗೂ ತಿರುಗಿದರು. ಮಧ್ಯಾಹ್ನ ಮಗು ಅತ್ತು ಅತ್ತು ಸುಸ್ತಾಗಿ, ನಾನೂ ಸುಸ್ತಾಗಿ, ಇಬ್ಬರೂ ಚಾಪೆಯ ಮೇಲೆ ಬಿದ್ದೆವು. ಅರೆನಿದ್ದೆಯಲ್ಲಿ ಅವಳೇ ಹುಡುಕಿಕೊಂಡು ಬಂದು ಬಾಯಿ ಹಾಕಿದಳು. ಎಚ್ಚರವಾದರೆ ಬಿಟ್ಟುಬಿಡುತ್ತಾಳೆ ಎಂದು ನಾನು ಉಸಿರು ಹಿಡಿದೆ. ಕುಡಿದಳು. ಗಂಟಲಿನ ಸದ್ದು ಕೇಳಿತು. ಸ್ವಲ್ಪ ಹೊತ್ತು. ಸಂಜೆ ಮತ್ತೆ ಒಲ್ಲೆ ಎಂದಳು.

ಇಷ್ಟಕ್ಕೆ ಗೆದ್ದೆ ಅನ್ನಲಾರೆ. ನಾಳೆ ಬೆಳಿಗ್ಗೆ ಮತ್ತೆ ಬಸ್ಸಿದೆ, ಹಗಲೆಲ್ಲ ಯಂತ್ರ ಬೇಕೇ ಬೇಕು, ನಾನಿಲ್ಲದ ಹೊತ್ತಿಗೆ ಬಾಟಲಿಯೋ ಒಳಲೆಯೋ ಆಗಲೇಬೇಕು. ಆದರೆ ಬಂದ ತಕ್ಷಣ, ಬೆವರಿದ್ದರೂ ಧೂಳಿದ್ದರೂ, ಕೈ ತೊಳೆದು ನೇರ ಅವಳ ಹತ್ತಿರ. ಅತ್ತೆ ಹೂಂ ಅಂದಿದ್ದಾರೆ.

ನೀನೂ ಹೀಗೇ ಮಾಡು. ಯಂತ್ರ ತಗೋ, ಒಳ್ಳೆಯದು ತಗೋ. ಆದರೆ ಅದು ಬಸ್ಸಿನ ಸಾಮಾನು, ಟಿಕೆಟ್ ಮಷಿನ್ ಇದ್ದ ಹಾಗೆ. ಮನೆಗೆ ಬಂದ ಮೇಲೆ ಗೂಟಕ್ಕೆ ಹಾಕಿಬಿಡು. ನಿಮ್ಮ ಮನೆಯಲ್ಲಿ ಬಿಸಿಲಿನ ಹಾಲಿನ ನಂಬಿಕೆ ಇಲ್ಲದಿರಬಹುದು, ಬೇರೆ ಯಾವುದೋ ಇರುತ್ತದೆ. ಹಿರಿಯರ ಹತ್ತಿರ ಮೊದಲೇ ಕುಳಿತು ಮಾತಾಡು.

ಕೂಸಿಗೆ ಹೆಸರಿಟ್ಟ ಸುದ್ದಿ ಮುಕ್ತಿಯಾರ್ ಹೇಳಿದ. ಪರ್ವೇಜ್ ಚೆಂದ ಇದೆ. ನಿನ್ನ ಅಮ್ಮಿಗೆ ನನ್ನ ನಮಸ್ಕಾರ ತಿಳಿಸು, ಸುರಕುಂಬಾಕ್ಕೆ ಒಣದ್ರಾಕ್ಷಿ ಧಾರಾಳವಾಗಿ ಹಾಕಿದ್ದಕ್ಕೆ ಇನ್ನೊಂದು. ಕಣ್ಣು ಮುಚ್ಚಿ ಹೋಗುತ್ತಿವೆ, ಇಲ್ಲಿಗೆ ಸಾಕು ಮಾಡುತ್ತೇನೆ.

ನಿನ್ನ ಗೆಳತಿ
ನಂದಿನಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ಅತ್ತೆ ಕೇಳಿದರಲ್ಲ, ನೀನು ಯಾಕೆ ಹೇಳಲಿಲ್ಲ ಎಂದು. ಬಾಟಲಿಯ ಹಾಲೂ ಬಿಸಿಲಿನದೇ ಎಂದು ನನಗೆ ಗುರುವಾರ ಹೊಳೆದದ್ದಲ್ಲ, ಮೊದಲ ದಿನವೇ ಗೊತ್ತಿತ್ತು. ಹೇಳಿದ್ದರೆ ಅವರು ಅವತ್ತೇ ಮಗುವನ್ನು ನನ್ನ ಮಡಿಲಿಗೆ ಹಾಕುತ್ತಿದ್ದರು. ನಾನು ಫ್ಯಾನಿನ ಕೆಳಗೆ ಒಬ್ಬಳೇ ಮಲಗಿ, ಬಾಗಿಲಾಚೆ ಅವಳು ಕುಡಿಯುವ ಸದ್ದು ಕೇಳುತ್ತ, ಯಾರೂ ಮೈ ಮುಟ್ಟದ, ಯಾರೂ ಏನೂ ಕೇಳದ ಆ ಅರ್ಧ ಗಂಟೆಯನ್ನು ಬಿಟ್ಟುಕೊಡಲು ಒಲ್ಲೆನಾದೆ. ಇವತ್ತು ಮಧ್ಯಾಹ್ನ ಅವಳು ಬಾಯಿ ಹಾಕಿದಾಗ ಸಂತೋಷವಾಯಿತು. ನಾಳೆಯಿಂದ ಆ ಅರ್ಧ ಗಂಟೆ ಇರುವುದಿಲ್ಲ ಎಂದು ನೆನೆದಾಗ ಮಾತ್ರ ಅಳು ಬಂತು. ನೀನು ಯಂತ್ರಕ್ಕೆ ಹಣ ಕಟ್ಟುವ ಮೊದಲು ಮನೆಯಲ್ಲಿ ಅರ್ಧ ಗಂಟೆ ಕೇಳಿಕೋ. ಹಾಲಿನ ನೆಪ ಹೇಳಬೇಡ. ನಿನಗೇ ಬೇಕು ಎಂದು ಕೇಳು.